ಒಂದು ಟಿಕ್ಕು

ಹನ್ನೊಂದು ವರ್ಷದಿಂದ ಅವಳ ಎದುರಿಗೆ ಅದೇ ಪರದೆ. ಆಸ್ಪತ್ರೆಯ ಸರ್ವರ್‌ಗಳು ಹೇಗಿವೆ ಎಂದು ನಿಗಾ ಸಾಫ್ಟ್‌ವೇರ್ ಅದರಲ್ಲಿ ತೋರಿಸುತ್ತಿತ್ತು: ಹಸಿರೆಂದರೆ ಕ್ಷೇಮ, ಹಳದಿಯೆಂದರೆ ಹುಷಾರು, ಕೆಂಪೆಂದರೆ ಎದ್ದು ಓಡು. ಫ್ಯಾನು ತುಸು ನಿಧಾನವಾದರೂ ಅವಳ ಫೋನಿಗೆ ಮೆಸೇಜು. ದಿನಕ್ಕೆ ಇನ್ನೂರಕ್ಕೆ ಕಡಿಮೆಯಿಲ್ಲ. ದಿನಾ ಸಾಯುವವರಿಗೆ ಅಳುವವರು ಯಾರು?

ಎಲ್ಲಕ್ಕಿಂತ ಹೆಚ್ಚು ಪ್ರಾಣ ತಿನ್ನುತ್ತಿದ್ದುದು ಸ್ಕ್ಯಾನ್ ಚಿತ್ರಗಳ ಸರ್ವರ್. ಅದರ ಶಾಖ ಅಳೆಯುವ ಸೆನ್ಸರ್ ಕೆಟ್ಟು, ಎಸಿಯ ತಂಪಿನಲ್ಲೂ ಬೆಂದೆ, ಬೆಂದೆ ಎಂದು ಅರಚುತ್ತಿತ್ತು. ಆ ಸೆನ್ಸರ್ ಒಂದರ ಬಾಯಿ ಮುಚ್ಚಿಸಲು ನಾಲ್ಕು ಪುಟ ದಾಟಬೇಕು. ಇಡೀ ಸರ್ವರ್‌ನ ಬಾಯಿ ಮುಚ್ಚಿಸಲು ಒಂದೇ ಟಿಕ್ಕು ಸಾಕು. ಅತ್ತೆ ಬಚ್ಚಲಲ್ಲಿ ಜಾರಿಬಿದ್ದ ದಿನ ಅವಳು ಆ ಟಿಕ್ಕು ಹಾಕಿ ಮನೆಗೆ ಓಡಿದಳು. ನಾಳೆ ಸರಿಮಾಡಿದರಾಯಿತು ಎಂದುಕೊಂಡಳು. ಬಾಯಿ ಮುಚ್ಚಿಸಿದ ಸರ್ವರ್ ಪರದೆಯಿಂದಲೇ ಮಾಯವಾಯಿತು; ಉಳಿದದ್ದೆಲ್ಲ ಹಚ್ಚ ಹಸಿರು. ಆ ನಾಳೆ ಬರಲೇ ಇಲ್ಲ.

ಸರ್ವರ್ ಕೋಣೆಯ ವಯರಿಂಗ್ ನೋಡಿಕೊಳ್ಳುವ ಮುದುಕರೊಬ್ಬರಿದ್ದರು, ಗುತ್ತಿಗೆಯ ಮೇಲೆ. ಬೆಳಿಗ್ಗೆ ಒಂದು ಸುತ್ತು ಹಾಕಿ ಪ್ರತಿ ಸರ್ವರ್ ಡಬ್ಬದ ಪುಟ್ಟ ದೀಪಗಳನ್ನೂ ಕಣ್ಣಾರೆ ನೋಡುವುದು ಅವರ ಕೆಲಸ. ಎಲ್ಲರ ಬಾಯಲ್ಲೂ ಅವರು ಲೈಟಣ್ಣ. ಇಂದಿಗೆ ಹನ್ನೆರಡು ದಿನದ ಹಿಂದೆ ಅವರು ಅವಳ ಮೇಜಿನ ಬಳಿ ಬಂದು ನಿಂತಿದ್ದರು.

"ಮೇಡಂ, ಸ್ಕ್ಯಾನ್ ಡಬ್ಬದಲ್ಲಿ ಒಂದು ದೀಪ ಕಿತ್ತಳೆ ಆಗಿದೆ."

"ಇಲ್ಲಿ ಎಲ್ಲಾ ಹಸಿರೇ ಇದೆ ಲೈಟಣ್ಣ. ಸುಮ್ನೆ ತಲೆ ತಿನ್ಬೇಡಿ," ಎಂದಿದ್ದಳು, ತಲೆ ಎತ್ತದೆ.

ಆ ಸರ್ವರ್‌ನಲ್ಲಿ ಜೋಡಿ ಡಿಸ್ಕ್. ಒಂದು ಸತ್ತರೆ ದೀಪ ಕಿತ್ತಳೆಯಾಗುತ್ತದೆ, ಇನ್ನೊಂದು ಭಾರ ಹೊರುತ್ತದೆ, ಅಷ್ಟರಲ್ಲಿ ಹೊಸದು ಹಾಕಬೇಕು. ಇಂದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಎರಡನೆಯದೂ ಕಣ್ಣು ಮುಚ್ಚಿತು. ಭಾನುವಾರದವರೆಗಿನ ನಕಲು ಇತ್ತು. ಆಮೇಲೆ ತೆಗೆದ ಮುನ್ನೂರ ಹನ್ನೆರಡು ಜನರ ಚಿತ್ರಗಳು ಹೋದವು.

ಮೇಲಧಿಕಾರಿ ಇಬ್ಬರನ್ನೂ ಕರೆಸಿದರು. "ದಿನಾ ದೀಪ ನೋಡೋದು ನಿಮ್ಮ ಕೆಲಸ ತಾನೇ? ಕಣ್ಣು ಎಲ್ಲಿತ್ತು? ಮುಂದಿನ ತಿಂಗಳಿಂದ ನೀವು ಬರೋದು ಬೇಡ."

ಲೈಟಣ್ಣ ನೆಲ ನೋಡಿದರು. "ನೋಡಿದ್ದೆ ಸಾರ್. ಹೇಳೋದು ಮರ್ತೆ."

ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಮೊದಲು ಒಂದು ಗಳಿಗೆ ನೆಮ್ಮದಿಯಾಯಿತು ಎಂಬುದೂ ನಿಜ. ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಮನೆಗೆ ಹೋಗಿ ಮಲಗಬಹುದಿತ್ತು. ಆದರೆ ಲೈಟಣ್ಣನ ಮನೆಯಲ್ಲಿ ದುಡಿಯುವ ಕೈ ಅವರದೊಂದೇ ಎಂದು ಅವಳಿಗೆ ಗೊತ್ತಿತ್ತು.

"ಅವರು ಹೇಳಿದ್ರು ಸಾರ್. ಸಾಫ್ಟ್‌ವೇರೂ ಹೇಳೇ ಹೇಳ್ತಿತ್ತು. ಅದರ ಬಾಯಿ ಮುಚ್ಚಿಸಿದ್ದು ನಾನು. ನನ್ನ ಹೆಸರಲ್ಲೇ ದಾಖಲಾಗಿದೆ, ನೋಡಿ."

ಅವಳು ಚಾಚಿದ ಫೋನನ್ನು ಅಧಿಕಾರಿ ನೋಡಿದರು. ಆಮೇಲೆ, "ಲೈಟಣ್ಣ, ನೀವು ಕೆಲಸಕ್ಕೆ ಹೋಗಿ. ಮೇಡಂ, ನೀವು ಲಿಖಿತ ವಿವರಣೆ ಕೊಡಿ. ಆ ಮುನ್ನೂರು ಜನಕ್ಕೂ ನೀವೇ ಫೋನ್ ಮಾಡಿ ಮತ್ತೆ ಸ್ಕ್ಯಾನ್‌ಗೆ ಕರೆಸಿ," ಎಂದರು.

ಹೊರಗೆ ಬಂದ ಮೇಲೆ ಅವಳು ಕೇಳಿದಳು: "ಯಾಕೆ ಸುಳ್ಳು ಹೇಳಿದ್ರಿ?"

"ಪೂರ್ತಿ ಸುಳ್ಳೇನಲ್ಲ ಮೇಡಂ. ಆ ದೀಪ ಮಾರನೇ ದಿನಾನೂ ಹಾಗೇ ಇತ್ತು. ನಾನು ಇನ್ನೊಂದ್ಸಲ ಹೇಳ್ಬೇಕಿತ್ತು. ನೀವು ಮತ್ತೆ ಗದರಿಸ್ತೀರಿ ಅಂತ ಬಾಗಿಲವರೆಗೂ ಬಂದು ವಾಪಸ್ ಹೋದೆ."

ಅವರು ಎಷ್ಟು ದಿನ ಹಾಗೆ ಬಾಗಿಲವರೆಗೆ ಬಂದು ಹೋದರೋ, ಕೇಳುವ ಧೈರ್ಯ ಅವಳಿಗೆ ಆಗಲಿಲ್ಲ.