ಕಲ್ಲು ಸೇತುವೆಯ ಅಮಾವಾಸ್ಯೆ

ಊರವರೆಲ್ಲ ದೆವ್ವ ಕಾಣದಿರಲಪ್ಪಾ ಎಂದು ಕೈಮುಗಿದು ಆ ಹಳೇ ಕಲ್ಲು ಸೇತುವೆ ದಾಟುತ್ತಾರೆ. ದೆವ್ವ ನೋಡಲೆಂದೇ ಹೋಗುವವಳು ನಾನೊಬ್ಬಳೇ. ಹುಚ್ಚಿ ಅಂದವರೂ ಇದ್ದಾರೆ. ಅನ್ನಲಿ, ಅವರ ಗಂಡಂದಿರು ಮನೆಯಲ್ಲಿದ್ದಾರೆ.

ನನ್ನ ಗಂಡ ಮರಿಸ್ವಾಮಿ ತೊಂಬತ್ತನೇ ಇಸವಿಯಲ್ಲಿ, ಎತ್ತು ನೋಡಿಕೊಂಡು ಬರ್ತೀನಿ ಎಂದು ಗಂಜಾಮಿನ ನಮ್ಮ ಮನೆಯಿಂದ ನಾಗಮಂಗಲಕ್ಕೆ ಹೊರಟವರು ತಿರುಗಿ ಬರಲಿಲ್ಲ. ಚಪ್ಪಲಿ ಸೇತುವೆಯ ಮೇಲೆ ಸಿಕ್ಕಿತು, ಹೆಣ ಸಿಗಲಿಲ್ಲ. ಹೊಳೆಗೆ ಬಿದ್ದು ಸತ್ತರು ಎಂದು ಊರು ತೀರ್ಮಾನ ಮಾಡಿತು. ನಾನು ಮಾಡಲಿಲ್ಲ.

ಮಹಾಲಯ ಅಮಾವಾಸ್ಯೆಯ ಮಟಮಟ ಮಧ್ಯಾಹ್ನ, ಟಿಪ್ಪು ಕಾಲದ ಯುದ್ಧದಲ್ಲಿ ಸತ್ತ ಸಿಪಾಯಿಗಳು ಆ ಸೇತುವೆಯ ಮೇಲೆ ಸಾಲಾಗಿ ನಡೆಯುತ್ತಾರಂತೆ. ಹೊಳೆಯಲ್ಲಿ ಸತ್ತವರೆಲ್ಲ ಅವರ ಹಿಂದೆ ಬರುತ್ತಾರಂತೆ. ಸೇತುವೆ ಕಟ್ಟಿದ್ದೇ ಯುದ್ಧ ಮುಗಿದ ಮೇಲೆ ಎಂದು ಊರ ಶಾಲೆಯ ಮೇಷ್ಟ್ರು ನಗುತ್ತಿದ್ದರು. ದೆವ್ವಗಳಿಗೆ ಇಸವಿ ಯಾಕೆ ಬೇಕು? ವರ್ಷವರ್ಷವೂ ಹೋಗಿ ನಿಂತೆ. ಆ ಸಾಲಿನಲ್ಲಿ ಮರಿಸ್ವಾಮಿ ಇಲ್ಲದಿದ್ದರೆ ಬದುಕಿದ್ದಾರೆ ಎಂದೇ ಅರ್ಥ. ಆರು ವರ್ಷ ಅವರು ಕಾಣಲಿಲ್ಲ. ಸಿಪಾಯಿಗಳೂ ಕಾಣಲಿಲ್ಲ, ಅದು ಬೇರೆ ಮಾತು. ಪ್ರತಿ ಸಲವೂ ಹಗುರಾಗಿ ಮನೆಗೆ ಬಂದೆ.

ಅತ್ತೆ ದ್ಯಾವಮ್ಮನಿಗೆ ಮಾತ್ರ ಆ ಹಬ್ಬ ಬಂತೆಂದರೆ ಸಂಕಟ. ಅವತ್ತು ಸತ್ತ ಹಿರಿಯರಿಗೆ ಅವರಿಷ್ಟದ್ದನ್ನೆಲ್ಲ ಬಾಳೆಲೆಗೆ ಬಡಿಸಿ ಎಡೆ ಇಡುತ್ತೇವೆ. ಮಾವನಿಗೆ ಎಲೆ ಹಾಕಿದಾಗೆಲ್ಲ ಅತ್ತೆ ಪಕ್ಕದ ಖಾಲಿ ನೆಲವನ್ನು ಸವರುತ್ತಿದ್ದರು.

“ನನ್ ಮಗ ಆರು ವರ್ಸದಿಂದ ಹಸ್ಕೊಂಡವ್ನೆ ಕಣವ್ವ. ಅವನ್ಗೂ ಒಂದು ಎಲೆ ಹಾಕು.”

“ಬದುಕಿರೋರ್ಗೆ ಯಾರಾದ್ರೂ ಎಡೆ ಮಡಗ್ತಾರಾ? ಸುಮ್ಕಿರು ಅತ್ತೆ,” ಎಂದು ರೇಗಿದೆ.

ತೊಂಬತ್ತೇಳರ ಅಮಾವಾಸ್ಯೆಗೆ ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಕೈ ಹಿಡಿದು ಕರೆದುಕೊಂಡು ಹೋದೆ. ಸೇತುವೆಯ ಕಲ್ಲು ಕಾದ ಹೆಂಚಾಗಿತ್ತು. ಆಚೆ ದಡದಿಂದ ಬಿಳಿ ಪಂಚೆಯ ಒಂದು ಆಳು ಬರುವುದು ಕಂಡಿತು. ಅದೇ ಭುಜ, ಎಡಗಾಲು ಎಳೆಯುವ ಅದೇ ನಡಿಗೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಭಯ ಆಗಬೇಕಿತ್ತು. ಸತ್ತೇ ಹೋಗಿದ್ದಾರೆಂದು ಎದೆ ಒಡೆಯಬೇಕಿತ್ತು. ನನಗಾದದ್ದು ಸಂತೋಷ. ದೆವ್ವವಾದರೂ ಸರಿ, ಬಂದರಲ್ಲ! “ಬಂದ್ರಾ?” ಎಂದು ಕೂಗುತ್ತ ಓಡಿದೆ.

ಹತ್ತಿರ ಹೋದರೆ ಪಾಂಡವಪುರದ ಕಡೆಯ ಯಾರೋ ಒಬ್ಬ. ಹರಕೆ ಹೊತ್ತು ಬರಿಗಾಲಲ್ಲಿ ನಡೆದು ಬಂದಿದ್ದ. ನಿಮಿಷಾಂಬ ದೇವಸ್ಥಾನಕ್ಕೆ ದಾರಿ ಕೇಳಿದ. ಕೈ ತೋರಿಸಿದೆ. ಆ ಸಂತೋಷದಲ್ಲೇ ನನಗೆ ಗೊತ್ತಾಯಿತು, ಬದುಕಿದ್ದಾರೆ ಎಂಬ ನಂಬಿಕೆ ನನ್ನಲ್ಲಿ ಯಾವಾಗಲೋ ಸತ್ತಿತ್ತು. ಒಂದು ಸಲ ನೋಡಬೇಕು ಎಂಬ ಆಸೆ ಮಾತ್ರ ಉಳಿದಿತ್ತು.

“ಯಾರವ್ವ ಅದು?” ಎಂದು ಅತ್ತೆ ಕೇಳಿದರು.

“ಯಾರೂ ಅಲ್ಲತ್ತೆ. ನಡಿ, ಎಡೆಗೆ ಹೊತ್ತಾಯ್ತದೆ. ಇವತ್ತು ಎರಡೆಲೆ ಹಾಕ್ತೀನಿ.”

ಅತ್ತೆ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟರು.

ಸಂಜೆ ಮಾವನ ಪಕ್ಕ ಮರಿಸ್ವಾಮಿಗೂ ಎಲೆ ಹಾಕಿದೆ. ಮುದ್ದೆ, ಬಾಡಿನ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ, ಹೊಸ ಪಂಚೆ. ದೀಪ ಹಚ್ಚಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಮನುಷ್ಯರ ಕಣ್ಣೆದುರು ಹಿರಿಯರು ಉಣ್ಣುವುದಿಲ್ಲ. ನನಗೆ ಕಾಲೇ ಬರಲಿಲ್ಲ. ಏಳು ವರ್ಷ ಕಾದವಳಿಗೆ, ಅವರು ಬರುವ ಹೊತ್ತಿಗೆ ಎದ್ದು ಹೋಗು ಅಂದರೆ ಹೇಗೆ?

“ಈಚಿಗ್ ಬಾರವ್ವ. ನೀನಲ್ಲಿದ್ರೆ ಅವ್ನು ಬರಾಕಿಲ್ಲ,” ಎಂದು ಅತ್ತೆ ಹೊರಗಿನಿಂದ ಕೂಗಿದರು.

ಬಂದು ನಾನೇ ಬಾಗಿಲು ಎಳೆದುಕೊಂಡೆ. ಇಬ್ಬರೂ ಜಗಲಿಯ ಮೇಲೆ ಕೂತೆವು. ಒಳಗೆ ಸದ್ದಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಆಗಲೇ ಬಾಗಿಲು ತೆಗೆದು ಊಟಕ್ಕೆ ಕೂತಿದ್ದರು.

“ಸಾಕು, ಬಾಗ್ಲು ತಗಿ ಗೌರ,” ಎಂದರು ಅತ್ತೆ.

“ಇನ್ನೊಂದ್ ಗಳಿಗೆ ಇರು ಅತ್ತೆ,” ಅಂದೆ. “ಅವ್ರು ನಿಧಾನಕ್ಕೆ ಉಣ್ಣೋರು.”