ಕುಲುಕದ ಕಾರು

ಕೌನ್ಸಿಲರ್ ಮೇಡಂ ಇನ್ನು ಮೇಲೆ ವಾರ್ಡನ್ನು ನಡೆದೇ ಸುತ್ತುತ್ತಾರಂತೆ ಎಂಬ ಸುದ್ದಿಗೆ ಜನವೆಲ್ಲ ಭೇಷ್ ಅಂದಿತು. ಚಿಂತೆಗೆ ಬಿದ್ದವನು ಒಬ್ಬನೇ, ಅವರ ಡ್ರೈವರ್. ಮೇಡಂ ನಡಿಗೆಗೆ ಬಿದ್ದರೆ ಕಾರು ಯಾಕೆ? ಕಾರಿಲ್ಲದ ಮೇಲೆ ತಾನು ಯಾಕೆ? ಮನೆ ಬಾಡಿಗೆ, ಮಕ್ಕಳ ಓದು ಎಲ್ಲವೂ ಆ ಸ್ಟೀರಿಂಗಿಗೇ ಜೋತುಬಿದ್ದಿದ್ದವು.

ಅವನೇನು ಅಂತಿಂಥ ಡ್ರೈವರನೇ! ಹಿಂದೆ ಕೂತವರ ಮೈ ಅಲುಗಬಾರದು ಎಂಬುದು ಅವನ ಹಟ. ಮೇಡಂ ಫೈಲು ಓದುತ್ತಲೇ ತೂಕಡಿಸಿದರೆ ಅದೇ ಅವನಿಗೆ ಬಿರುದು ಬಾವಲಿ.

"ನೀನೂ ಬಾಪ್ಪ, ಒಬ್ಬಳೇ ಹೋಗಲಾ?" ಎಂದರು ಮೇಡಂ. ಅವನು ಮುಖ ಸಪ್ಪೆ ಮಾಡಿಕೊಂಡು ಹಿಂದೆ ಹೊರಟ.

ಮಾರ್ಕೆಟ್ ಬೀದಿ ಹೊಕ್ಕಿದ್ದೇ ತಡ, ಮೇಡಂ ಕಾಲು ಗುಂಡಿಗಿಳಿಯಿತು. ಚಪ್ಪಲಿ ಒಂದು ಕಡೆ, ಅವರೊಂದು ಕಡೆ. ಬೀಳದಂತೆ ಗಬಕ್ಕನೆ ರಟ್ಟೆ ಹಿಡಿದವಳು ಕೈಗಾಡಿಯಲ್ಲಿ ಮೊಟ್ಟೆ ಮಾರುವ ಹೆಂಗಸು, ಡ್ರೈವರನ ಸ್ವಂತ ಅಕ್ಕ.

"ನಿಧಾನ ತಾಯಿ! ಈ ಗುಂಡಿಗಳಿಂದಾಗಿ ದಿನಾ ನನ್ನ ಮೊಟ್ಟೆ ಒಡೆದು ಅರ್ಧ ಲಾಭ ಇಲ್ಲೇ ಸೋರಿಹೋಗುತ್ತೆ."

"ಇದೇನಮ್ಮ ಇದು? ದಿನಾ ಇದೇ ಬೀದೀಲಿ ಓಡಾಡ್ತೀನಿ. ಒಂದು ಸಲಾನೂ ಕಾರು ಕುಲುಕಿಲ್ಲವಲ್ಲ!"

ತಮ್ಮನನ್ನು ಹೊಗಳುವ ಅವಕಾಶ ಸಿಕ್ಕರೆ ಅಕ್ಕ ಬಿಟ್ಟಾಳೆಯೇ? "ಹೆಂಗೆ ಕುಲುಕುತ್ತೆ? ಓಡಿಸೋನು ನನ್ನ ತಮ್ಮ! ಒಂದೊಂದು ಗುಂಡೀನೂ ಅವನಿಗೆ ಬಾಯಿಪಾಠ. ಆ ಕಡೆ ತಿರುಗಿಸಿ, ಈ ಕಡೆ ಬಳಸಿ, ತೊಟ್ಟಿಲು ತೂಗಿದ ಹಾಗೆ ಕರ್ಕೊಂಡು ಹೋಗ್ತಾನೆ. ರಸ್ತೆ ಸರಿ ಮಾಡ್ಸಿ ಅಂತ ನಾವು ಬಂದಾಗೆಲ್ಲ ನೀವು, ಚೆನ್ನಾಗೇ ಇದೆಯಲ್ಲ ಅಂತಿದ್ರಿ ನೋಡಿ, ಅದು..."

ಅಷ್ಟರಲ್ಲಿ ತಾನು ಏನು ಹೇಳುತ್ತಿದ್ದೇನೆಂದು ಅವಳಿಗೇ ಹೊಳೆದು ನಾಲಿಗೆ ಕಚ್ಚಿಕೊಂಡಳು. ಸುತ್ತ ನಿಂತವರೆಲ್ಲ ಡ್ರೈವರನ ಕಡೆ ತಿರುಗಿದರು.

ಮುಗೀತು ನನ್ನ ಕಥೆ ಅಂದುಕೊಂಡ ಅವನು. ಆದರೆ ಭಯಕ್ಕಿಂತ ನಾಚಿಕೆಯೇ ಹೆಚ್ಚಾಗಿ ಚುಚ್ಚಿತು. ಮೊಟ್ಟೆ ಒಡೆಯಿತೆಂದು ಅಕ್ಕ ಗೋಳಾಡಿದಾಗೆಲ್ಲ, ನೋಡಿಕೊಂಡು ತಳ್ಳಬಾರದಾ ಎಂದು ಅವಳನ್ನೇ ಗದರಿದ್ದ ಮಹಾಶಯ ಅವನು.

"ಹೌದು ಮೇಡಂ," ಎಂದ. "ನಿಮಗೆ ಗೊತ್ತಾಗದ ಹಾಗೆ ಮಾಡಿದ್ದು ನಾನೇ. ನೀವು ಸುಖವಾಗಿದ್ರೆ ಸಾಕು ಅಂದ್ಕೊಂಡೆ. ತಪ್ಪಾಯ್ತು."

ಮೇಡಂ ಚಪ್ಪಲಿ ಮೆಟ್ಟಿಕೊಂಡು ಅವನನ್ನೇ ದಿಟ್ಟಿಸಿದರು. "ತಪ್ಪು ನಿಂದಷ್ಟೇ ಅಲ್ಲ ಬಿಡು. ಕಿಟಕಿಯಿಂದಾಚೆ ನೋಡೋಕೆ ನನಗೇನಾಗಿತ್ತು ಧಾಡಿ? ನಾಳೆ ಕಾರು ತಗೊಂಡು ಬಾ."

ಮರುದಿನ ಹಿಂದಿನ ಸೀಟಿನಲ್ಲಿ ರಸ್ತೆಯ ಇಂಜಿನಿಯರ್ ಸಾಹೇಬರು ಕಾಲು ಚಾಚಿ ಕೂತಿದ್ದರು, ಪಕ್ಕದಲ್ಲಿ ಮೇಡಂ. "ಸ್ಟೀರಿಂಗ್ ನೇರ ಹಿಡಿ," ಎಂದು ಅಪ್ಪಣೆಯಾಯಿತು. ಮೊದಲ ಗುಂಡಿ ಬಂತು. ಹಾಳು ಅಭ್ಯಾಸ, ಕೈ ತಾನಾಗಿ ಪಕ್ಕಕ್ಕೆ ತಿರುಗಿಸಿತು.

"ಏಯ್!" ಎಂದರು ಮೇಡಂ.

ಅವನು ರಿವರ್ಸ್ ತೆಗೆದು, ಹಲ್ಲು ಕಚ್ಚಿ, ನೇರವಾಗಿ ಇಳಿಸಿದ. ಧಡ್! ಇಂಜಿನಿಯರರ ತಲೆ ಛಾವಣಿಗೆ ಬಡಿಯಿತು. ಧಡ್! ಕನ್ನಡಕ ಮೂಗಿನ ತುದಿಗೆ ಬಂತು. ಬೀದಿಯುದ್ದಕ್ಕೂ ಜನ ಬಿದ್ದು ಬಿದ್ದು ನಕ್ಕರು, ಅಕ್ಕನಂತೂ ಗಾಡಿ ಬಿಟ್ಟು ಚಪ್ಪಾಳೆ ಹೊಡೆದಳು. ಡ್ರೈವರನಿಗೆ ಕಾರಿನ ಬಗ್ಗೆ ಕರುಳು ಚುರ್ರೆಂದರೂ ನಗು ತಡೆಯಲಾಗಲಿಲ್ಲ.

ಬೀದಿ ಅರ್ಧವಾಗುವಷ್ಟರಲ್ಲಿ ಇಂಜಿನಿಯರರು ಕೈಮುಗಿದರು. "ನಿಲ್ಸಪ್ಪ ಮಾರಾಯ! ಈ ವಾರದಲ್ಲೇ ರಸ್ತೆ ಮಾಡಿಸ್ತೀನಿ. ನಾನು ನಡ್ಕೊಂಡೇ ಬರ್ತೀನಿ."

"ಬೇಡ ಸಾರ್, ಕೂತ್ಕೊಳ್ಳಿ," ಎಂದು ಮೇಡಂ ತಾವೇ ಬಾಗಿಲು ತೆಗೆದು ಇಳಿದರು. ಡ್ರೈವರನ ಕಿಟಕಿಗೆ ಬಾಗಿ, "ಇನ್ನೂ ಎಷ್ಟೊಂದು ಬೀದಿಗಳಿವೆ. ದಿನಾ ನಾನು ನಡೀತೀನಿ, ನೀನು ಇವರನ್ನ ಕರ್ಕೊಂಡು ಬಾ," ಎಂದರು.