ಹಿಂದಿನ ಸಾಲಿನ ಸೆಟ್ಟಿಂಗ್

ಸೋದರಮಾವ ಬಿಟ್ಟುಕೊಟ್ಟ ಕುರ್ಚಿ ಅವಳಿಗೆ ಒಗ್ಗಿತ್ತು. ಅವರು ಬಿಟ್ಟುಹೋದ ಕಂಪ್ಯೂಟರ್ ಒಗ್ಗಿರಲಿಲ್ಲ. ವಾದ್ಯವೃಂದದ ಒಬ್ಬೊಬ್ಬರಿಗೂ ಅವರವರ ಪಾಲಿನ ಸ್ವರಗಳನ್ನು ಜೋಡಿಸಿ, ಮುದ್ರಿಸಿ, ಸ್ಟ್ಯಾಂಡಿನ ಮೇಲಿಡುವುದು ಲಿಪಿಗಾರರ ಕೆಲಸ. ಮಾವನ ಕೈ ನಡುಗತೊಡಗಿದ ಮೇಲೆ ಆ ಕೆಲಸ ಅವಳಿಗೆ ಬಂತು. ಜೊತೆಗೆ, ಸ್ವರಲಿಪಿಯ ಸಾಫ್ಟ್‌ವೇರಿನೊಳಗೆ ಅವರು ವರ್ಷಗಟ್ಟಲೆ ಕೂಡಿಹಾಕಿದ್ದ ಸ್ವಂತ ಸೆಟ್ಟಿಂಗುಗಳೂ ಬಂದವು. ಅಕ್ಷರದ ಗಾತ್ರಕ್ಕೊಂದು, ಗೆರೆಯ ದಪ್ಪಕ್ಕೊಂದು, ಯಾತಕ್ಕೆಂದು ದೇವರಿಗೂ ತಿಳಿಯದ್ದು ಇನ್ನಷ್ಟು. ಹೆಸರುಗಳೋ, ‘ಹೊಸದು’, ‘ಹೊಸದರ ಹೊಸದು’, ‘ಇದೇ ಸರಿ’, ‘ಇದೂ ಇರಲಿ’. ಮೆನು ತೆರೆದು ಕೊನೆ ಮುಟ್ಟುವಷ್ಟರಲ್ಲಿ ಬಂದ ಕೆಲಸವೇ ಮರೆತುಹೋಗುತ್ತಿತ್ತು.

ಅದನ್ನೂ ಹೇಗೋ ಸಹಿಸಬಹುದಿತ್ತು. ಆದರೆ ಕಳೆದ ತಾಲೀಮಿನಲ್ಲಿ ಆ ಸೆಟ್ಟಿಂಗುಗಳ ಗೊಂದಲದಿಂದ ಪಿಟೀಲಿನವರ ಹಾಳೆಯಲ್ಲಿ ‘ಮೆಲ್ಲಗೆ’ ಎಂಬ ಅಕ್ಷರಗಳ ಮೇಲೆ ‘ಜೋರಾಗಿ’ ಹತ್ತಿ ಕೂತಿತ್ತು. ಅರ್ಧ ಜನ ಅದನ್ನು ಓದಿದರು, ಅರ್ಧ ಜನ ಇದನ್ನು. ಹೊಸ ನಿರ್ದೇಶಕರು ವಾದಕರಿಗೆ ತಾಳ ತೋರಿಸುವ ಕಡ್ಡಿ ಕೆಳಗಿಟ್ಟರು. ವಾದಕರು ಬೆನ್ನ ಹಿಂದೆ ಅವರನ್ನು ಕಡ್ಡಿ ಸಾಹೇಬ್ರು ಅನ್ನುತ್ತಿದ್ದರು. ಮಾತೂ ಕಡ್ಡಿ ಮುರಿದ ಹಾಗೆಯೇ.

“ರಬ್ಬರಮ್ಮಾ,” ಎಂದರು. ಸದಾ ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ರಬ್ಬರ್ ಹಿಡಿದು ಓಡಾಡುವ ಅವಳಿಗೆ ವಾದಕರಿಟ್ಟ ಹೆಸರು ಅದು. “ಮುಂದಿನ ತಾಲೀಮಿಗೆ ಈ ಕಸ ಇರಬಾರ್ದು. ಇದ್ರೆ ಕಸದ ಜೊತೆ ನೀವೂ ಹೊರಗೆ.”

ಯಾರೂ ನಗಲಿಲ್ಲ. ತಪ್ಪಿದ ಜಾಗದಲ್ಲಿ ಒಂದೇ ಒಂದು ಸಲ ಊದಿದ್ದಕ್ಕೆ ಟ್ರಂಪೆಟಿನವನನ್ನು ಅವರು ಮನೆಗೆ ಕಳಿಸಿದ್ದು ಎಲ್ಲರಿಗೂ ನೆನಪಿತ್ತು. ಅವನ ಕುರ್ಚಿ ಇನ್ನೂ ಖಾಲಿಯಿತ್ತು.

ಹಾಗಾಗಿ ತಾಲೀಮಿನ ದಿನ ಬೆಳಿಗ್ಗೆ ಅವಳು ಟೊಂಕ ಕಟ್ಟಿ ಕೂತಳು. ‘ಹೊಸದು’ ಹೋಯಿತು. ‘ಇದೇ ಸರಿ’ಯೂ ಹೋಯಿತು. ಒಂದೊಂದು ಅಳಿದಾಗಲೂ ಎದೆಯೊಳಗೆ ಏನೋ ಹಗುರವಾಗುತ್ತಿತ್ತು. ಅದರ ಹಿಂದೆಯೇ ಸಣ್ಣ ಅಳುಕು, ಹಿರಿಯರ ಪೆಟ್ಟಿಗೆಗೆ ಹೇಳದೆ ಕೈಹಾಕಿದ ಹಾಗೆ. ಕೊನೆಗೆ ಒಂದು ಮಾತ್ರ ಉಳಿಯಿತು: ‘ಹಿಂದಿನ ಸಾಲು’. ಅಳಿಸಲು ಹೋದರೆ ಸಾಫ್ಟ್‌ವೇರ್ ತಡೆಯಿತು. ಇದು ಬಳಕೆಯಲ್ಲಿದೆ, ಇದರ ಜಾಗದಲ್ಲಿ ಮೂಲ ಸೆಟ್ಟಿಂಗ್ ಹಾಕಲೇ ಎಂದು ಕೇಳಿತು.

ಎಲ್ಲಿ ಬಳಕೆಯಲ್ಲಿದೆ ಎಂದು ಹುಡುಕಬಹುದಿತ್ತು. ಪ್ರಿಂಟರ್ ಬಿಸಿಯಾಗಿ ಕಾಯುತ್ತಿತ್ತು. ಮಾವನ ಇನ್ನೊಂದು ಹುಚ್ಚು ಅಂದುಕೊಂಡು ಹೂಂ ಒತ್ತಿಬಿಟ್ಟಳು.

ಹಾಳೆಗಳು ಕನ್ನಡಿಯ ಹಾಗೆ ಸ್ವಚ್ಛವಾಗಿ ಬಂದವು. ಅವನ್ನೆಲ್ಲ ಸ್ಟ್ಯಾಂಡುಗಳ ಮೇಲಿಟ್ಟು, ಸಭಾಂಗಣದ ಪಕ್ಕದ ಬಾಗಿಲ ಬಳಿ ಕೂತಳು. ತಾಲೀಮು ಶುರುವಾಯಿತು. ಪಿಟೀಲಿನವರು ಒಂದೇ ಉಸಿರಿನಲ್ಲಿ ಮೆಲ್ಲಗಾದರು. ಕಡ್ಡಿ ಸಾಹೇಬ್ರು ಅವಳ ಕಡೆ ನೋಡಿ ತಲೆಯಾಡಿಸಿದರು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನ್ ನಡುಗಿತು. ಮಾವ. ಅವಳು ಹೊರಗೆ ಪಡಸಾಲೆಗೆ ಬಂದಳು.

“ಏನಮ್ಮಾ, ಕಸ ತೆಗೀರಿ ಅಂದ್ರಂತೆ ಸಾಹೇಬ್ರು. ನನ್ನ ಆಸ್ತಿಯೆಲ್ಲ ಗುಡಿಸಿ ಹಾಕಿದ್ಯಾ?”

“ನಿಮ್ಮ ಆಸ್ತಿ ಪಿಟೀಲಿನವರ ಕಣ್ಣು ತೆಗೀತಿತ್ತು ಮಾವ.”

“ತೆಗಿ, ತೆಗಿ. ‘ಹಿಂದಿನ ಸಾಲು’ ಮುಟ್ಟಿಲ್ಲ ತಾನೇ?”

“ಅದು ಹೋಗಲ್ಲ ಅಂತ ಹಟ ಮಾಡ್ತು. ನಾನೂ ಬಿಡ್ಲಿಲ್ಲ.”

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

“ಮಾವ?”

“ನಿಮ್ಮತ್ತೆಗೆ ಎಣಿಕೆ ತಲೇಲಿ ನಿಲ್ಲಲ್ಲ ಮರಿ,” ಎಂದರು. ಸ್ವರ ಇಳಿದಿತ್ತು. “ಸ್ವಲ್ಪ ದೂರ ಎಣಿಸ್ಕೊಂಡು ಹೋಗ್ತಾಳೆ, ಆಮೇಲೆ ಎಲ್ಲಿದ್ದೀನಿ ಅಂತ ತಿಳಿಯಲ್ಲ. ಕೈ ಸರಿಯಾಗಿದೆ, ಕಿವಿ ಸರಿಯಾಗಿದೆ. ಎಣಿಕೆ ಒಂದೇ.”

ಅತ್ತೆ ಇದೇ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ನಗಾರಿ ಬಾರಿಸುವವರು. ಮೊನ್ನೆ ಮೂರು ಜನರ ಊಟಕ್ಕೆ ಐದು ತಟ್ಟೆ ಇಟ್ಟು, “ಹಸಿವು ಜಾಸ್ತಿ ಇರೋರಿಗೆ ಇರ್ಲಿ” ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು. ಮಾವ ಮಾತ್ರ ಎದ್ದು ಎರಡು ತಟ್ಟೆ ಒಳಗಿಟ್ಟು ಬಂದಿದ್ದರು.

ಹಾಳೆಯಲ್ಲಿ ತಾಳದ ಒಂದೊಂದು ಸುತ್ತಿಗೂ ಒಂದೊಂದು ಮನೆ. ನುಡಿಸಲು ಏನೂ ಇಲ್ಲದಿದ್ದರೆ ಖಾಲಿ ಮನೆ. ಖಾಲಿ ಮನೆಗಳು ಸಾಲಾಗಿ ಬಂದರೆ ಸಾಫ್ಟ್‌ವೇರ್ ಅವನ್ನು ಒಟ್ಟು ಸೇರಿಸಿ, ದಪ್ಪ ಪಟ್ಟಿ ಎಳೆದು, ಮೇಲೆ ಒಂದು ಸಂಖ್ಯೆ ಬರೆದು ಕೈತೊಳೆದುಕೊಳ್ಳುತ್ತದೆ. ಅಷ್ಟನ್ನೂ ಎಣಿಸುತ್ತ ಸುಮ್ಮನೆ ನಿಲ್ಲುವುದು ವಾದಕರ ಪಾಡು. ನಗಾರಿಯವರ ಪಾಡಂತೂ ಬಹುಪಾಲು ಅದೇ.

“ಅದಕ್ಕೇ ‘ಹಿಂದಿನ ಸಾಲು’ ಅಂತ ಮಾಡಿ, ಆ ದಪ್ಪ ಪಟ್ಟಿನ ತುಂಡು ತುಂಡು ಮಾಡಿದ್ದೆ,” ಎಂದರು ಮಾವ. “ತುಂಡಿಗೊಂದು ಗುರುತು. ಇಲ್ಲಿ ಕೊಳಲು ಬರುತ್ತೆ, ಇಲ್ಲಿ ಸೆಲ್ಲೋ ನಿಲ್ಲುತ್ತೆ ಅಂತ ಸಣ್ಣಕ್ಷರದಲ್ಲಿ. ಅವಳ ಹಾಳೇಲಿ ಮಾತ್ರ.”

“ಅತ್ತೆಗೆ ಗೊತ್ತಾ?”

“ಗೊತ್ತಿದ್ರೆ ಓದ್ತಿದ್ಳಾ?”

ಒಳಗೆ ಮೊದಲ ಭಾಗ ಮುಗಿದ ಸದ್ದು. ಅದರಲ್ಲಿ ನಗಾರಿಗೆ ಉದ್ದದ ಬಿಡುವಿರಲಿಲ್ಲ. ಎರಡನೆಯ ಭಾಗ ಶುರುವಾಗುವುದೇ ನಗಾರಿಯ ಖಾಲಿ ಮನೆಗಳಿಂದ. ನಲವತ್ತೆಂಟು ಮನೆ ಎಲ್ಲರೂ ಪಿಸುಗುಟ್ಟಿದಂತೆ ನುಡಿಸಬೇಕು. ಆಮೇಲೆ ಪೂರ್ತಿ ನಿಶ್ಶಬ್ದ, ಅದರ ನಟ್ಟನಡುವೆ ನಗಾರಿಯ ಒಂದೇ ಏಟು. ಒಂದು ಮನೆ ಹಿಂದಾದರೂ ಮುಂದಾದರೂ ಮುಚ್ಚಿಡಲು ಬರುವಂಥದ್ದಲ್ಲ. ಬೇರೆಯವರ ತಪ್ಪು ಗುಂಪಿನಲ್ಲಿ ಕರಗುತ್ತದೆ. ನಗಾರಿಯ ತಪ್ಪು ಊರಿಗೆಲ್ಲ ಕೇಳುತ್ತದೆ.

ಮತ್ತೆ ಮುದ್ರಿಸಲು ಹೊತ್ತಿರಲಿಲ್ಲ. ಫೋನನ್ನು ಜೇಬಿಗೆ ತುರುಕಿ, ವೇದಿಕೆಯ ಹಿಂದಿನ ಮೆಟ್ಟಿಲು ಹತ್ತಿದಳು. ಕೊಂಬಿನವರ ಕುರ್ಚಿಗಳ ಹಿಂದೆ ಬೆನ್ನು ಬಗ್ಗಿಸಿ ನುಸುಳಿದಳು. ಯಾರೋ ಕಣ್ಣರಳಿಸಿದರು, ಅವಳು ಪೆನ್ಸಿಲ್ ತೋರಿಸಿದಳು. ಹಾಳೆ ತಿದ್ದಲು ರಬ್ಬರಮ್ಮ ಬಂದರೆ ಯಾರೂ ಏನೂ ಕೇಳುವುದಿಲ್ಲ.

ಅತ್ತೆ ಎರಡು ಕೋಲುಗಳನ್ನೂ ಎದೆಗೆ ಒತ್ತಿ ಹಿಡಿದು ನಿಂತಿದ್ದರು. ತುಟಿ ಅಲುಗುತ್ತಿತ್ತು. ಬೆರಳು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಕಣ್ಣು ಹಾಳೆಯ ಮೇಲಿನ ದಪ್ಪ ಪಟ್ಟಿಯಲ್ಲೇ ನೆಟ್ಟಿತ್ತು. ಆಮೇಲೆ ತುಟಿ ನಿಂತಿತು. ಬೆರಳೂ ನಿಂತಿತು. ನೀರಲ್ಲಿ ಕಾಲಿಗೆ ನೆಲ ಸಿಗದೆ ಹೋದಾಗ ಮುಖ ಹೇಗಾಗುತ್ತದೋ ಹಾಗಾಯಿತು ಅವರ ಮುಖ.

ಎಷ್ಟನೆಯ ಮನೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಆದರೆ ತಾಲೀಮು ತಾಲೀಮಿಗೂ ಬಾಗಿಲ ಬಳಿ ಕೂತು ಆ ಕೃತಿಯನ್ನು ಕೇಳುತ್ತ ಬಂದವಳು ಅವಳು. ಕಿವಿಗೊಟ್ಟಳು. ಕೊಳಲು ಇನ್ನೂ ಬಂದಿಲ್ಲ. ಪಟ್ಟಿಯ ಕೆಳಗೆ ಬರೆದಳು: ಕೊಳಲು. ಅದರ ಮುಂದೆ: ಆಮೇಲೆ ಸೆಲ್ಲೋ ಮೇಲೇರುತ್ತೆ. ಸೆಲ್ಲೋ ನಿಲ್ಲುತ್ತೆ, ಎಲ್ಲ ನಿಲ್ಲುತ್ತೆ. ಒಂದು ಉಸಿರು. ನೀವು.

ಅತ್ತೆ ಓದಿದರು. ತಲೆಯೆತ್ತಿ ಅವಳನ್ನು ನೋಡಿದರು. ಆ ನೋಟದಲ್ಲಿ ಮೊದಲು ನೆಮ್ಮದಿ ಬಂತು. ಅದರ ಹಿಂದೆಯೇ ಬೇರೇನೋ ಬಂದು ನೆಮ್ಮದಿಯನ್ನು ಆಚೆ ತಳ್ಳಿತು.

ಕೊಳಲು ಬಂತು. ಹೋಯಿತು. ಸೆಲ್ಲೋಗಳು ಒಂದೊಂದೇ ಮೆಟ್ಟಿಲು ಹತ್ತಿದವು. ಅತ್ತೆಯ ಬಲಗೈ ಮೇಲೆದ್ದಿತು. ಸೆಲ್ಲೋ ನಿಂತಿತು. ಅಷ್ಟು ಜನರಿದ್ದ ಸಭಾಂಗಣದಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಅವಳು ಉಸಿರು ಎಳೆದುಕೊಂಡಳು, ಬಿಡಲಿಲ್ಲ.

ಏಟು ಬಿತ್ತು, ಬೀಳಬೇಕಾದಲ್ಲೇ. ಅಂಗಾಲಿನ ಕೆಳಗೆ ಹಲಗೆ ನಡುಗಿತು.

ಕಡ್ಡಿ ಸಾಹೇಬ್ರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. “ಹಿಂದೆ ಏನು ಓಡಾಟ ಅದು?”

“ನಂದೇ ತಪ್ಪು ಸಾರ್,” ಎಂದಳು. “ಬೇಡದ್ದನ್ನ ತೆಗೆಯೋವಾಗ ಬೇಕಾಗಿದ್ದೂ ಒಂದು ಹೋಗ್ಬಿಟ್ಟಿತ್ತು.”

ಅವರು ಅವಳನ್ನು ನೋಡಿದರು. ಆಮೇಲೆ ನಗಾರಿಯನ್ನು, ನಗಾರಿಯ ಮೇಲಿದ್ದ ಕೈಯನ್ನು. “ನಗಾರಿ ಚೆನ್ನಾಗಿತ್ತು. ಕೊಂಬು ಸಪ್ಪೆ. ಮೊದಲಿಂದ. ನೀವು ಬೇಗ ಮುಗಿಸಿ ಕೆಳಗಿಳೀರಿ.”

ಮೊದಲಿಂದ. ಅಂದರೆ ಆ ನಲವತ್ತೆಂಟು ಮನೆಗಳೂ ಮತ್ತೊಮ್ಮೆ.

ಹಾಳೆ ತಿರುವುವ ಗಲಾಟೆಯಲ್ಲಿ ಅತ್ತೆ ಪಿಸುಗುಟ್ಟಿದರು. “ಇಷ್ಟು ದಿನ ಇದು ನಿಮ್ಮಾವನ ಕೆಲಸ ತಾನೇ?”

ಅವಳು ಪೆನ್ಸಿಲನ್ನು ಕಿವಿಯ ಮೇಲಿಟ್ಟಳು.

“ಎಲ್ಲರ ಹಾಳೇಲೂ ಹಾಗೇ ಬರೆದಿರ್ತಾರೆ ಅಂದ್ಕೊಂಡಿದ್ದೆ ಕಣೇ.” ನಗಾರಿಯ ಚರ್ಮದ ಮೇಲೆ ಅಂಗೈ ಊರಿ ಉಳಿದ ನಡುಕವನ್ನು ನಿಲ್ಲಿಸಿದರು. “ಈಗಿನ ಕಾಲದಲ್ಲಿ ಎಷ್ಟು ಅನುಕೂಲ ಅಂತ ಪಕ್ಕದವನಿಗೆ ಹೇಳಿಯೂ ಇದ್ದೆ. ಅವನು ಪಾಪ, ಹೌದು ಹೌದು ಅಂದ.”

ಪಕ್ಕದ ತಾಳದವನು ಎದುರು ಗೋಡೆ ನೋಡುತ್ತಿದ್ದ. ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

“ಅತ್ತೆ, ನಾನು...”

“ಸಾಕು.” ಅತ್ತೆಯ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. “ನಿಮ್ಮಾವನಿಗೆ ಹೇಳು, ಮನೆಗೆ ಬಂದು ವಿಚಾರಿಸ್ಕೊಳ್ತೀನಿ ಅಂತ. ಅಡುಗೆನೂ ಅವರೇ ಮಾಡಿಟ್ಟಿರ್ಲಿ.”

ಜೇಬಿನಲ್ಲಿ ಫೋನ್ ಇನ್ನೂ ಬೆಚ್ಚಗಿತ್ತು. ಕರೆ ಕತ್ತರಿಸಿರಲಿಲ್ಲವೆಂದು ಅವಳಿಗೆ ಆಗ ನೆನಪಾಯಿತು.

ಮುಂದೆ ಕಡ್ಡಿ ಮೇಲೇಳುತ್ತಿತ್ತು. ಅವಳು ಹೊರಡಲು ತಿರುಗಿದಳು. ಅತ್ತೆ ಕೋಲಿನ ಹಿಡಿಯಿಂದ ಅವಳ ಮೊಣಕೈ ತಟ್ಟಿ, ಹಾಳೆಯತ್ತ ಗಲ್ಲ ಎತ್ತಿದರು.

“ನಿನ್ನ ಪೆನ್ಸಿಲ್ ಮಸುಕು. ನಂಗೆ ಕಾಣಲ್ಲ. ಒತ್ತಿ ಬರಿ.”